ಓಪಿನೆಲ್ ನಂಬರ್ 8: ಮರದ ಹಿಡಿಯ ಮಡಚುಚಾಕು ಮಲೆನಾಡಿನ ಮಳೆಗೆ ತಡೆಯುತ್ತಾ?

ತುಂಗೆದಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಅಪ್ಪನ ಜೊತೆ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದೇನೆ. ತೋಟಕ್ಕೆ ಇಳಿಯುವಾಗ ಸೊಂಟದಲ್ಲಿ ಕತ್ತಿ ಇದ್ದೇ ಇರುತ್ತದೆ. ಆದರೆ ಸಣ್ಣ ಕೆಲಸಕ್ಕೆ ಅದು ಜಾಸ್ತಿಯಾಯಿತು. ಡ್ರಿಪ್ ಪೈಪು ಕತ್ತರಿಸಬೇಕು, ಮೆಣಸಿನ ಬಳ್ಳಿಗೆ ಕಟ್ಟಿದ ಹಗ್ಗ ಕೊಯ್ಯಬೇಕು, ಗೊಬ್ಬರದ ಚೀಲ ಬಿಚ್ಚಬೇಕು, ಮಧ್ಯೆ ಒಂದು ಪೇರಲೆ ಹಣ್ಣು ಸಿಕ್ಕರೆ ಹೆಚ್ಚಬೇಕು. ಇಂಥದ್ದಕ್ಕೆ ಜೇಬಿನಲ್ಲಿ ಇಡುವ ಒಂದು ಮಡಚುಚಾಕು ಹುಡುಕುತ್ತಿದ್ದೇನೆ.

ಫ್ರಾನ್ಸಿನ ಓಪಿನೆಲ್ ನಂಬರ್ 8 ಮೇಲೆ ಮನಸ್ಸಾಗಿದೆ. ಹಗುರ ಇದೆ, ಸರಳವಾಗಿದೆ, ನೋಡಲೂ ಚೆಂದ. ಆದರೆ ಹಿಡಿ ಮರದ್ದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ಮರ ಉಬ್ಬಿ ಅಲಗು ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುತ್ತಾರೆ. ನಿಜವಾ? ಮತ್ತೆ, ಕಾರ್ಬನ್ ಉಕ್ಕಿನದು ತೆಗೆದುಕೊಳ್ಳಲೋ ಸ್ಟೇನ್‌ಲೆಸ್ ತೆಗೆದುಕೊಳ್ಳಲೋ?

ಹೊಸ ಚಾಕು ಡಬ್ಬದಿಂದ ತೆಗೆದು ತೋರಿಸುವ ವಿಡಿಯೋಗಳನ್ನು ತುಂಬ ನೋಡಿದ್ದೇನೆ. ಹಲವು ವರ್ಷ ಬಳಸಿ ಸವೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಕುಡಿಕಸಿ ಉತ್ತರ:

ತಮ್ಮಾ, ನಾನು ಶಿರಸಿ ತಾಲೂಕಿನವಳು. ಮನೆಯ ಹಿಂದೆ ಸಣ್ಣ ನರ್ಸರಿ ಇದೆ. ಅಪ್ಪೆಮಿಡಿ ಮತ್ತು ಕಾಳುಮೆಣಸಿನ ಕಸಿ ಗಿಡ ಮಾಡಿ ಮಾರುತ್ತೇನೆ. ನೀನು ಕೇಳಿದ ಚಾಕುವೇ, ಅದೂ ಕಾರ್ಬನ್ ಉಕ್ಕಿನದೇ, ಹತ್ತು ಹನ್ನೆರಡು ಮಳೆಗಾಲದಿಂದ ನನ್ನ ಹತ್ತಿರ ಇದೆ. ಫ್ರಾನ್ಸಿಗೆ ಓದಲು ಹೋಗಿದ್ದ ಅಕ್ಕನ ಮಗ ತಂದುಕೊಟ್ಟಿದ್ದು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ತಡೆಯುತ್ತದೆ. ಆದರೆ ಮರದ ಆರೈಕೆಯನ್ನು ಏಪ್ರಿಲ್, ಮೇ ಬಿಸಿಲಿನಲ್ಲಿ ಮಾಡಿ ಮುಗಿಸಿರಬೇಕು. ಕೊಂಡ ದಿನವೇ ಜೇಬಿಗೆ ಹಾಕಿಕೊಂಡು ಜೂನ್ ಮಳೆಗೆ ಇಳಿದರೆ ತಡೆಯುವುದಿಲ್ಲ. ಹಿಡಿ ಉಬ್ಬಿದ ಮೇಲೆ ಏನು ಮಾಡಿದರೂ ಅರ್ಧಂಬರ್ಧ.

ಯಾಕೆ ಉಬ್ಬುತ್ತದೆ ಅಂದರೆ, ಈ ಚಾಕುವಿನಲ್ಲಿ ಇರುವುದೇ ಐದು ಭಾಗ. ಅಲಗು, ಹಿಡಿ, ಎರಡನ್ನೂ ಸೇರಿಸುವ ರಿವೆಟ್ಟು, ಹಿಡಿಯ ಕುತ್ತಿಗೆಗೆ ಕೂರಿಸಿದ ಲೋಹದ ಪಟ್ಟಿ, ಆ ಪಟ್ಟಿಯ ಮೇಲೆ ತಿರುಗುವ ಒಂದು ಬಳೆ. ಸ್ಪ್ರಿಂಗ್ ಇಲ್ಲವೇ ಇಲ್ಲ. ಅಲಗಿನ ಬುಡವನ್ನು ಎರಡೂ ಕಡೆಯಿಂದ ಮರವೇ ಅಮುಕಿ ಹಿಡಿಯುತ್ತದೆ. ಒಣಹವೆಯಲ್ಲಿ ಆ ಬಿಗಿ ಹದವಾಗಿರುತ್ತದೆ. ಹಿಡಿ ಬೀಚ್ ಅನ್ನುವ ಮರದ್ದು. ಅದು ಗಾಳಿಯ ತೇವ ಕುಡಿದಾಗ ಅಡ್ಡಕ್ಕೆ ಹಿಗ್ಗುತ್ತದೆ, ಸೀಳು ಕಿರಿದಾಗುತ್ತದೆ, ಅಲಗು ಕಚ್ಚಿಕೊಳ್ಳುತ್ತದೆ. ಇದು ಚಾಕು ಮಾಡಿದವರ ತಪ್ಪಲ್ಲ, ಮರದ ಗುಣ. ಜುಲೈ ಹೊತ್ತಿಗೆ ಉಗುರು ಹಾಕಿ ಎಳೆದರೂ ಅಲಗು ಕದಲುವುದಿಲ್ಲ. ಆಗ ಬಳೆಯನ್ನು ಬೀಗದಿಂದ ಬಿಡಿಸಿ, ಹಿಡಿಯ ಹಿಂಬದಿಯ ತುದಿಯನ್ನು ಕಲ್ಲಿಗೋ ದಿಮ್ಮಿಗೋ ಕುಟ್ಟಬೇಕು. ಮೊನೆ ತಾನಾಗಿ ಸ್ವಲ್ಪ ಹೊರಗೆ ಬರುತ್ತದೆ. ಆಮೇಲೆ ಬೆನ್ನು ಹಿಡಿದು ತೆರೆಯಬಹುದು. ಇದು ಚಾಕು ಹುಟ್ಟಿದ ಫ್ರಾನ್ಸಿನ ಹಳ್ಳಿಯವರದೇ ಉಪಾಯ.

ನಾನು ಪ್ರತಿ ವರ್ಷ ಬೇಸಿಗೆಯಲ್ಲಿ ಮಾಡುವುದು ಇಷ್ಟು. ಚಾಕು ತೆರೆದು ಜಗಲಿಯ ಮೇಲೆ ಒಣಗಲು ಇಡುತ್ತೇನೆ. ನೆರಳಿನಲ್ಲಿ, ಗಾಳಿ ಆಡುವ ಕಡೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೇಗ ಒಣಗುತ್ತದೆ ನಿಜ, ಹಿಡಿ ಸೀಳುವುದೂ ಬೇಗ. ಚೆನ್ನಾಗಿ ಒಣಗಿದ ಮೇಲೆ ನಯವಾದ ಮರಳುಕಾಗದವನ್ನು ಮಡಚಿ ಸೀಳಿನ ಒಳಗೆ, ರಿವೆಟ್ಟಿನ ಹತ್ತಿರ, ಎರಡೂ ಗೋಡೆಗೆ ನಾಲ್ಕಾರು ಸಲ ಆಡಿಸುತ್ತೇನೆ. ಬೇಸಿಗೆಯಲ್ಲಿ ಅಲಗು ಸ್ವಲ್ಪ ಸಡಿಲ ಅನಿಸಬೇಕು, ಅಷ್ಟು. ಮಳೆಗಾಲದಲ್ಲಿ ಅದು ಸರಿಯಾಗುತ್ತದೆ. ಬೇಸಿಗೆಯಲ್ಲೇ ಬಿಗಿ ಇದ್ದರೆ ಆಷಾಢದಲ್ಲಿ ತೆರೆಯುವ ಆಸೆ ಬಿಡಬೇಕು.

ಆಮೇಲೆ ಎಣ್ಣೆ. ಇಲ್ಲಿ ಕೊಬ್ಬರಿ ಎಣ್ಣೆ ಹಚ್ಚುವವರೇ ಹೆಚ್ಚು. ಅಲಗಿಗೆ ಅದು ಒಳ್ಳೆಯದು, ಮರಕ್ಕೆ ಅಲ್ಲ. ಕೊಬ್ಬರಿ ಎಣ್ಣೆ ಎಂದೂ ಒಣಗುವುದಿಲ್ಲ, ಹಿಡಿ ಜಾರುತ್ತಲೇ ಇರುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕ ಸೇರಿ ಅದು ಮರದೊಳಗೇ ಗಟ್ಟಿಯಾಗುತ್ತದೆ. ತೆಳುವಾಗಿ ಸವರಬೇಕು, ಸ್ವಲ್ಪ ಹೊತ್ತಿನ ನಂತರ ಹೆಚ್ಚಾದದ್ದನ್ನು ಒರೆಸಿಬಿಡಬೇಕು, ಎರಡು ಮೂರು ದಿನ ಬಿಟ್ಟು ಮತ್ತೆ ಸವರಬೇಕು. ಸೀಳಿನ ಒಳಗೂ, ಹಿಡಿಯ ತುದಿಯಲ್ಲೂ ಮರೆಯದೆ ಹಚ್ಚು. ತುದಿಯಲ್ಲಿ ಮರದ ನರ ಕಡಿದು ತೆರೆದುಕೊಂಡಿರುತ್ತದೆ, ನೀರು ಅಲ್ಲಿಂದಲೇ ಜಾಸ್ತಿ ಹೋಗುತ್ತದೆ. ತಿನ್ನುವ ಅಗಸೆ ಎಣ್ಣೆಯನ್ನೇ ತೆಗೆದುಕೋ. ಪೇಂಟ್ ಅಂಗಡಿಯ ‘ಬಾಯಿಲ್ಡ್’ ಎಣ್ಣೆಯಲ್ಲಿ ಬೇಗ ಒಣಗಲಿ ಅಂತ ಲೋಹದ ಉಪ್ಪು ಸೇರಿಸಿರುತ್ತಾರೆ. ಹಣ್ಣು ಹೆಚ್ಚುವ ಚಾಕುವಿಗೆ ಅದು ಬೇಡ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿ ಬೆಂಕಿ ಹತ್ತುತ್ತದೆ. ಅಡಿಕೆ ಹಾಳೆ, ದರಕು ಇರುವ ಮನೆಯಲ್ಲಿ ಇದು ಆಡುವ ಮಾತಲ್ಲ. ಬಟ್ಟೆಯನ್ನು ನೀರಿನಲ್ಲಿ ಅದ್ದು, ಇಲ್ಲವೇ ಅಂಗಳದ ಕಲ್ಲಿನ ಮೇಲೆ ಬಿಡಿಸಿ ಹರವು.

ಕೊನೆಗೆ ಜೇನುಮೇಣ. ನಮ್ಮಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ. ಹಳೆಯ ಎರಿಯ ಮೇಣ ಕರಗಿಸಿ ರಿವೆಟ್ಟಿನ ಎರಡೂ ಪಕ್ಕ, ಬಳೆಯ ಕೆಳಗೆ ಒಂದೊಂದು ಹನಿ ಬಿಡುತ್ತೇನೆ. ಅಲಗು ನಯವಾಗಿ ತಿರುಗುತ್ತದೆ, ನೀರೂ ಇಳಿಯುವುದಿಲ್ಲ.

ಇನ್ನು ಅಲಗು. ಅದು ಕಪ್ಪಾಗುತ್ತದೆ. ನನ್ನದು ಬಾಳೆದಿಂಡು ಕೊಯ್ದ ಮೊದಲ ದಿನವೇ ಕಪ್ಪಾಯಿತು. ಬಾಳೆ, ಅಡಿಕೆ, ಮಾವು, ನೇರಳೆ ಎಲ್ಲದರಲ್ಲೂ ಚೊಗರು ಇದೆ. ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಸೋಪುಪುಡಿ, ತೆಂಗಿನ ನಾರು ಹಾಕಿ ಉಜ್ಜಿ ಬೆಳ್ಳಗೆ ಮಾಡಲು ಹೋಗಬೇಡ. ಆ ಕಪ್ಪು ಪದರ ಇದ್ದರೆ ಕೆಂಪು ತುಕ್ಕು ನಿಧಾನವಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಸಂಜೆ ಒರೆಸಿ, ಬೆರಳಿನ ತುದಿಯಲ್ಲಿ ಕೊಬ್ಬರಿ ಎಣ್ಣೆ ಸವರಿ ಇಟ್ಟರೆ ಮಳೆಗಾಲ ಪೂರ್ತಿ ಏನೂ ಆಗುವುದಿಲ್ಲ. ಒದ್ದೆ ಅಲಗು ಮಡಚಿ ರಾತ್ರಿ ಬಿಟ್ಟರೆ ಬೆಳಗ್ಗೆ ಕೆಂಪು ಚುಕ್ಕೆ ಖಂಡಿತ. ಇಷ್ಟು ಒರೆಸುವ ತಾಳ್ಮೆ ಇಲ್ಲದಿದ್ದರೆ ಸ್ಟೇನ್‌ಲೆಸ್ ತೆಗೆದುಕೋ, ಅದರಲ್ಲಿ ನಾಚಿಕೆ ಏನೂ ಇಲ್ಲ. ಕಾರ್ಬನ್ ಅಲಗಿನಲ್ಲಿ ಹುಳಿ ಹಣ್ಣು ಹೆಚ್ಚಿದರೆ ಕಬ್ಬಿಣದ ವಾಸನೆ ಬರುವುದೂ ನಿಜ.

ಹಾಗಿದ್ದರೆ ನಾನು ಕಾರ್ಬನ್ ಯಾಕೆ ಬಿಡಲಿಲ್ಲ? ಕಸಿಗಾಗಿ. ಅಪ್ಪೆಮಿಡಿ ಬೀಜ ನೆಟ್ಟರೆ ತಾಯಿಮರದ ಗುಣವೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಒಂದು ಮರದ ಮಿಡಿಗೆ ಜೀರಿಗೆಯ ಪರಿಮಳ, ಪಕ್ಕದ ಮರದ್ದಕ್ಕೆ ಏನೂ ಇಲ್ಲ. ಅನಂತಭಟ್ಟ ಅಪ್ಪೆ, ಮಾಳಂಜಿ ಅಪ್ಪೆ ಅಂತ ಹೆಸರಾದ ತಳಿಗಳು ಉಳಿದಿರುವುದು ಕಸಿಯಿಂದಲೇ. ಕಸಿ ಕಟ್ಟುವ ಕಾಲ ಮಳೆಗಾಲ, ಗಾಳಿಯಲ್ಲಿ ತೇವ ಇದ್ದರೆ ಕುಡಿ ಬಾಡುವುದಿಲ್ಲ. ಚಾಕುವಿಗೆ ಕಷ್ಟದ ಕಾಲವೇ ನನಗೆ ಕೆಲಸದ ಕಾಲ.

ಬೆಣೆ ಕಸಿಯಲ್ಲಿ ಕುಡಿಯ ಎರಡೂ ಪಕ್ಕ ಓರೆಯಾಗಿ ಕೊಯ್ಯಬೇಕು. ಒಂದು ಪಕ್ಕಕ್ಕೆ ಒಂದೇ ಎಳೆತ. ಎರಡನೇ ಸಲ ಕೆತ್ತಿದರೆ ಮುಖ ಏರುತಗ್ಗಾಗುತ್ತದೆ, ಸಿಪ್ಪೆಯ ಕೆಳಗಿನ ಹಸಿರು ಪದರ ಬುಡಸಸಿಯ ಪದರಕ್ಕೆ ಕೂಡುವುದಿಲ್ಲ, ಗಿಡ ಹೋಯಿತು ಅಂತಲೇ ಲೆಕ್ಕ. ಅಲಗು ದಪ್ಪ ಇದ್ದರೆ ಎಳೆಯ ಕಾಂಡವನ್ನು ಕೊಯ್ಯುವ ಬದಲು ಸೀಳುತ್ತದೆ. ನಂಬರ್ 8ರ ಅಲಗು ಎರಡು ಮಿಲಿಮೀಟರಿಗಿಂತ ತೆಳು, ಉದ್ದ 8.5 ಸೆಂ.ಮೀ. ಇದನ್ನು ಮನೆಯ ಕಲ್ಲಿನಲ್ಲೇ, ಕೆಲಸದ ಮಧ್ಯೆ ಎದ್ದು ಹೋಗಿ, ಮತ್ತೆ ಹರಿತ ಮಾಡಿಕೊಳ್ಳಬಹುದು. ಆ ಸುಲಭಕ್ಕೇ ನಾನು ಕಾರ್ಬನ್ ಉಕ್ಕಿಗೆ ಅಂಟಿಕೊಂಡಿರುವುದು. ಕಣ್ಣು ಕಸಿಗೆ ಮಾತ್ರ ಒಂದೇ ಕಡೆ ಸಾಣೆ ಹಿಡಿದ ಕಸಿಚಾಕು ಬೇರೆ ಇಟ್ಟುಕೊಂಡಿದ್ದೇನೆ. ಆ ಕೆಲಸಕ್ಕೆ ಓಪಿನೆಲ್ ಅಷ್ಟು ಹೊಂದುವುದಿಲ್ಲ.

ಕಾಳುಮೆಣಸಿಗೂ ಇದೇ ಚಾಕು. ದಕ್ಷಿಣ ಅಮೆರಿಕದಿಂದ ಬಂದ ಕಾಡುಹಿಪ್ಪಲಿಯ ಬುಡಕ್ಕೆ ನಮ್ಮ ಮೆಣಸಿನ ಕುಡಿ ಕೂರಿಸುತ್ತೇವೆ. ಹಿಪ್ಪಲಿ ಬೇರು ನೀರು ನಿಂತ ಜಾಗಕ್ಕೂ ಜಗ್ಗುವುದಿಲ್ಲ, ಸೊರಗು ರೋಗಕ್ಕೂ ಜಗ್ಗುವುದಿಲ್ಲ. ರೋಗದ ಬಳ್ಳಿ ಮುಟ್ಟಿದ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿಯೇ ಮುಂದಿನ ಗಿಡಕ್ಕೆ ಹೋಗಬೇಕು. ಮಾವಿನ ಸೊನೆ ಕೂಡ ಸ್ಪಿರಿಟ್ಟಿಗೇ ಬಿಡುತ್ತದೆ.

ನಮ್ಮ ಕಡೆ ಗಂಡಸರು ಸೊಂಟಕ್ಕೆ ಕೊಕ್ಕೆ ಕಟ್ಟಿ ಕತ್ತಿ ಸಿಗಿಸಿಕೊಂಡು ಹೊರಡುತ್ತಾರೆ. ಹೆಂಗಸರ ಕತ್ತಿ ಅಡುಗೆಮನೆಯ ಮೆಟ್ಟುಗತ್ತಿ, ಅದು ನೆಲ ಬಿಟ್ಟು ಏಳುವುದಿಲ್ಲ. ತೋಟದಲ್ಲಿ ಒಂದು ದಾರ ಕೊಯ್ಯಲೂ ಯಾರನ್ನಾದರೂ ಕೂಗಬೇಕಿತ್ತು. ಈ ಚಾಕು ಬಂದ ಮೇಲೆ ನಾನು ಕುರ್ತಾ ಹೊಲಿಸುವಾಗಲೆಲ್ಲ ಬಲಗಡೆ ಒಂದು ಆಳವಾದ ಜೇಬು ಇಡಿಸುತ್ತೇನೆ. ನರ್ಸರಿ ಶುರು ಮಾಡುವ ಧೈರ್ಯ ಬಂದದ್ದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಬೆಟ್ಟಕ್ಕೆ ಒಬ್ಬಳೇ ಹೋಗಿ ಒಳ್ಳೆಯ ಮರದ ಕುಡಿ ತರುವುದು ಶುರುವಾದದ್ದು ಈ ಚಾಕು ಜೇಬಿಗೆ ಬಂದ ಮೇಲೆಯೇ.

ಆಲ್ಪ್ಸ್_ತಪ್ಪಲು ಉತ್ತರ:

ಅಕ್ಕ, ಓದಿ ತುಂಬ ಖುಷಿಯಾಯಿತು. ನಾನು ಹಾಸನ ಜಿಲ್ಲೆಯವನು, ಈಗ ಫ್ರಾನ್ಸಿನ ಗ್ರೆನೋಬಲ್‌ನಲ್ಲಿದ್ದೇನೆ. ಈ ಚಾಕು ಹುಟ್ಟಿದ ಸವೋಯಿ ಸೀಮೆ ಇಲ್ಲಿಂದ ಹತ್ತಿರ. ಮೊರಿಯೆನ್ ಕಣಿವೆಯಲ್ಲಿ ಸಾಂ-ಜಾಂ-ದ-ಮೊರಿಯೆನ್ ಅಂತ ಒಂದು ಊರಿದೆ. ಅಲ್ಲಿ ಓಪಿನೆಲ್ ವಸ್ತುಸಂಗ್ರಹಾಲಯ ಇದೆ. ಹಳೆಯ ಕಮ್ಮಾರಸಾಲೆಯ ಯಂತ್ರಗಳು, ಎಲ್ಲ ಗಾತ್ರದ ಚಾಕುಗಳು ನೋಡಲು ಸಿಗುತ್ತವೆ.

ಜೋಸೆಫ್ ಓಪಿನೆಲ್ ಇದನ್ನು ಮಾಡಿದ್ದು 1890ರಲ್ಲಿ. ಆಗ ಅವನಿಗೆ ಹದಿನೆಂಟರ ಆಸುಪಾಸಿನ ವಯಸ್ಸು. ಮನೆತನದ ಕಸುಬು ಕೊಡಲಿ, ಕುಡುಗೋಲು, ಗಿಡ ಸವರುವ ಕತ್ತಿ ಬಡಿಯುವುದು. ಸುತ್ತಲಿನ ರೈತರಿಗಾಗಿ ಮಾಡಿದ ಚಾಕು ಇದು. ಬ್ರೆಡ್ಡು, ಚೀಸು ಕೊಯ್ಯಲು, ದ್ರಾಕ್ಷಿ ಬಳ್ಳಿ ಸವರಲು, ಕಡ್ಡಿ ಕೆತ್ತಲು. 1897ರಲ್ಲಿ 1ರಿಂದ 12ರವರೆಗೆ ಗಾತ್ರಗಳನ್ನು ಗೊತ್ತುಮಾಡಿದರು. ಅಲಗಿನ ಮೇಲೆ ಕಿರೀಟ ಹೊತ್ತ ಕೈಯ ಗುರುತು ಇರುತ್ತದಲ್ವಾ, ಅದು 1909ರದು. ಕೈ ಆ ಊರಿನ ಲಾಂಛನದಿಂದ ಬಂದದ್ದು, ಕಿರೀಟ ಸವೋಯಿ ಸಂಸ್ಥಾನದ್ದು.

ತಿರುಗುವ ಬಳೆ ಮೊದಲಿನಿಂದ ಇರಲಿಲ್ಲ. 1955ರಲ್ಲಿ ಮಾರ್ಸೆಲ್ ಓಪಿನೆಲ್ ಅದನ್ನು ಸೇರಿಸಿದರು. ಆಗ ಅದು ತೆರೆದ ಅಲಗನ್ನು ಮಾತ್ರ ಹಿಡಿಯುತ್ತಿತ್ತು. ಮುಚ್ಚಿದಾಗಲೂ ಬೀಗ ಬೀಳುವ ಬಳೆ ಬಂದದ್ದು 2000ದ ಹೊತ್ತಿಗೆ. ಹಾಗಾಗಿ ತುಂಬ ಹಳೆಯ ಚಾಕು ಯಾರಿಂದಾದರೂ ಸಿಕ್ಕರೆ ಜೇಬಿನಲ್ಲಿ ಅದು ತೆರೆದುಕೊಳ್ಳಬಹುದು, ಜಾಗ್ರತೆ.

ನನ್ನ ಹತ್ತಿರ ಇರುವುದು ಸ್ಟೇನ್‌ಲೆಸ್. ನಾನು ಅದರಲ್ಲಿ ಮಾಡುವುದು ಬೆಟ್ಟ ಹತ್ತುವಾಗ ಸೇಬು ಹೆಚ್ಚುವುದು, ಮನೆಯಲ್ಲಿ ಬೊಫೋರ್ ಚೀಸು ಕೊಯ್ಯುವುದು, ಅಷ್ಟೆ. ಇಲ್ಲಿನ ಮುದುಕರು ಊಟಕ್ಕೆ ಕೂತಾಗ ಜೇಬಿನಿಂದ ಇದನ್ನೇ ತೆಗೆದು ತಟ್ಟೆಯ ಪಕ್ಕ ಇಡುತ್ತಾರೆ. ಊಟ ಆದ ಮೇಲೆ ಬ್ರೆಡ್ಡಿನ ತುಂಡಿನಲ್ಲಿ ಅಲಗು ಒರೆಸಿ ಮಡಚುತ್ತಾರೆ. ಅವರ ಅಲಗುಗಳೂ ಕಪ್ಪೇ. ಸಾಣೆ ಹಿಡಿದು ಹಿಡಿದು ಸಪೂರವಾದ ಅಲಗನ್ನು ಅವರು ಎಸೆಯುವುದಿಲ್ಲ. ಅಂಗಡಿಯಲ್ಲಿ ಹೊಸದು ದುಬಾರಿ ಏನಲ್ಲ, ಆದರೂ ಎಸೆಯುವುದಿಲ್ಲ.

ಉಳಿ_ಬಾಚಿ ಉತ್ತರ:

ನಾನು ಶಿವಮೊಗ್ಗದಲ್ಲಿ ಪೀಠೋಪಕರಣ ಮಾಡುವವನು. ಕುಡಿಕಸಿ ಅಮ್ಮ ಬರೆದ ಮರದ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ.

ಗಾಳಿಯಲ್ಲಿ ತೇವ ನೂರಕ್ಕೆ 50 ಇದ್ದರೆ ಮರದೊಳಗೆ ಸುಮಾರು ನೂರಕ್ಕೆ 9ರಷ್ಟು ನೀರು ನಿಲ್ಲುತ್ತದೆ. ಗಾಳಿಯ ತೇವ 90 ಆದರೆ ಮರದೊಳಗಿನದು 20ರ ಹತ್ತಿರ ಹೋಗುತ್ತದೆ. ಮಳೆಗೆ ಒಡ್ಡದೆ ಒಳಗೇ ಇಟ್ಟರೂ ಹಿಡಿ ಉಬ್ಬುವುದು ಇದಕ್ಕೇ. ಎಣ್ಣೆ, ಮೇಣ ಹಚ್ಚಿದರೆ ಇದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಮರ ಉದ್ದಕ್ಕೆ ಹಿಗ್ಗುವುದು ಕಣ್ಣಿಗೆ ಕಾಣದಷ್ಟು ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಹಸಿಮರ ಪೂರ್ತಿ ಒಣಗುವಾಗ ಬೀಚ್ ಅಡ್ಡಕ್ಕೆ ಸುಮಾರು ನೂರಕ್ಕೆ 12ರಷ್ಟು ಕುಗ್ಗುತ್ತದೆ. ನಮ್ಮ ಸಾಗುವಾನಿ ಅದರ ಅರ್ಧದಷ್ಟು ಮಾತ್ರ. ಹಿಗ್ಗುವಾಗಲೂ ಅದೇ ಲೆಕ್ಕ.

ಹಾಗಾಗಿ ನಾನು ಗೆಳೆಯನೊಬ್ಬನ ನಂಬರ್ 8ಕ್ಕೆ ಹಳೆಯ ಕಿಟಕಿಯ ಸಾಗುವಾನಿ ತುಂಡಿನಿಂದ ಹಿಡಿ ಮಾಡಿಕೊಟ್ಟೆ. ಬಳೆ ಬಿಚ್ಚಿ, ರಿವೆಟ್ಟು ಹೊಡೆದು ತೆಗೆದರೆ ಅಲಗು ಕೈಗೆ ಬರುತ್ತದೆ. ಹೊಸ ಹಿಡಿಯ ಸೀಳನ್ನು ಮರದ ನರದ ಜೊತೆ ನೇರವಾಗಿ ಕೊಯ್ಯಬೇಕು. ಲೋಹದ ಪಟ್ಟಿ ಕೂರುವ ಕುತ್ತಿಗೆಯನ್ನು ತೀರ ನಿಖರವಾಗಿ ಕಡೆಯಬೇಕು. ಕಷ್ಟ ಇರುವುದು ಅಲ್ಲೇ, ಉಳಿದದ್ದು ಅರ್ಧ ದಿನದ ಕೆಲಸ. ಎರಡು ಮಳೆಗಾಲ ಕಳೆದರೂ ಅಲಗು ಬೆರಳಿನಲ್ಲೇ ತೆರೆಯುತ್ತಿದೆ. ಹೊಸ ಚಾಕುವಿಗೆ ಮೊದಲೇ ಹೀಗೆ ಮಾಡಬೇಡಿ. ಮೂಲ ಹಿಡಿ ಸವೆಯಲಿ, ಸೀಳಲಿ, ಆಮೇಲೆ ನೋಡೋಣ.

ಸಾಣೆ ಬಗ್ಗೆ ನನ್ನದು ಒಂದು ಬೇಡಿಕೆ. ಕರೆಂಟಿನ ಗ್ರೈಂಡರಿಗೆ ಇಂಥ ತೆಳು ಅಲಗನ್ನು ಕೊಡಲೇಬೇಡಿ. ಕ್ಷಣದಲ್ಲಿ ಅಂಚು ಸುಟ್ಟು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಅಂದರೆ ಅಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದೆ, ಆ ಜಾಗದ ಹದ ಹೋಯಿತು. ಆಮೇಲೆ ಎಷ್ಟು ತಿಕ್ಕಿದರೂ ಹರಿತ ನಿಲ್ಲುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕಡೆ ಒರಟು, ಒಂದು ಕಡೆ ನಯ ಇರುವ ಕಲ್ಲು ಸಿಗುತ್ತದೆ. ಅಲಗಿನ ಬೆನ್ನನ್ನು ಕಲ್ಲಿನಿಂದ ಅರ್ಧ ಸೆಂಟಿಮೀಟರಿನಷ್ಟು ಎತ್ತಿ ಹಿಡಿದರೆ 15ರಿಂದ 20 ಡಿಗ್ರಿ ಓರೆ ಬರುತ್ತದೆ. ಒಂದು ಪಕ್ಕ ತಿಕ್ಕುತ್ತಾ ಹೋದರೆ ಇನ್ನೊಂದು ಪಕ್ಕದ ಅಂಚಿನಲ್ಲಿ ಬೆರಳಿಗೆ ಸಿಗುವಷ್ಟು ಒರಟು ಏಳುತ್ತದೆ. ಬುಡದಿಂದ ಮೊನೆಯವರೆಗೆ ಅದು ಎದ್ದ ಮೇಲೇ ಪಕ್ಕ ಬದಲಿಸಿ. ಕೊನೆಗೆ ಹಳೆಯ ತೊಗಲಿನ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ಎಳೆಯಿರಿ.

ಕವಾತು_ಕಾಲ ಉತ್ತರ:

ಮೂಡಿಗೆರೆ ಕಡೆಯ ಕಾಫಿ ತೋಟದವನು ನಾನು. ಇಲ್ಲಿ ಎಲ್ಲರೂ ಓಪಿನೆಲ್ ಹೊಗಳುತ್ತಿದ್ದೀರಿ, ಒಳ್ಳೆಯದೇ. ಆದರೆ ತುಂಗೆದಡ ಅವರ ಕೆಲಸದ ಪಟ್ಟಿ ನೋಡಿದರೆ ವಿಕ್ಟೋರಿನಾಕ್ಸ್ ಕೂಡ ನೋಡಬೇಕು ಅನಿಸುತ್ತದೆ. ನಾನು ಬಳಸುವುದು ‘ಫಾರ್ಮರ್’ ಅನ್ನುವ ಮಾದರಿ. ಅಲ್ಯೂಮಿನಿಯಂ ಹಿಡಿ, ಒಂದು ಅಲಗು, ಒಂದು ಗರಗಸ, ಒಂದು ದಬ್ಬಳ, ಸ್ಕ್ರೂಡ್ರೈವರ್ ತುದಿ ಇರುವ ಎರಡು ಓಪನರ್. ಮಡಚಿದರೆ 93 ಮಿ.ಮೀ.

ಸ್ವಿಟ್ಜರ್ಲೆಂಡಿನ ಇಬಾಕ್ ಊರಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. 1891ರಿಂದ ಅಲ್ಲಿನ ಸೈನಿಕರಿಗೆ ಚಾಕು ಕೊಡುತ್ತಾ ಬಂದರು. ಲೋಹದ ಹಿಡಿಗೆ ಮಳೆಯ ಭಯ ಇಲ್ಲ. ಕೆಸರಾದರೆ ಬಿಸಿನೀರಿನಲ್ಲಿ ಅದ್ದಿ ತೆರೆದು ಮುಚ್ಚಿದರೆ ಸಾಕು, ಆಮೇಲೆ ಒಂದು ಹನಿ ಎಣ್ಣೆ. ಉಕ್ಕು ಸ್ವಲ್ಪ ಮೆದು, ಹಾಗಾಗಿ ಹರಿತ ಬೇಗ ಹೋಗುತ್ತದೆ, ಬೇಗ ಬರುತ್ತದೆ ಕೂಡ. ಗರಗಸ ಮಾತ್ರ ಸಣ್ಣದಾದರೂ ಬಹಳ ಕೆಲಸದ್ದು. ಹೆಬ್ಬೆರಳು ಗಾತ್ರದ ಕಾಫಿ ಕೊಂಬೆಯನ್ನು ಸಿಪ್ಪೆ ಸುಲಿಯದ ಹಾಗೆ ಕೊಯ್ಯುತ್ತದೆ. ಡ್ರಿಪ್ ಪೈಪಿಗೆ ತೂತು ಮಾಡಲು ದಬ್ಬಳ ಇದೆ.

ಒಂದು ಕೊರತೆ ಹೇಳಲೇಬೇಕು. ಇದರ ಅಲಗಿಗೆ ಬೀಗ ಇಲ್ಲ, ಸ್ಪ್ರಿಂಗಿನ ಒತ್ತಡದಲ್ಲೇ ನಿಲ್ಲುತ್ತದೆ. ಮೊನೆ ಊರಿ ತಳ್ಳುವ ಕೆಲಸ ಮಾಡಿದರೆ ಬೆರಳಿನ ಮೇಲೆ ಮಡಚಿಕೊಳ್ಳಬಹುದು. ಅಕ್ಕ ಮಾಡುವ ಕಸಿ ಕೆಲಸಕ್ಕೆ ಬಳೆಯ ಬೀಗ ಇರುವ ಓಪಿನೆಲ್ಲೇ ಸರಿ. ಚೀಲ, ಪೈಪು, ಹಗ್ಗ, ಕಡ್ಡಿ ಅಂದರೆ ನನ್ನ ಮತ ಇದಕ್ಕೆ.

ತುಂಗೆದಡ:

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಅಕ್ಕ, ನಾನು ಕಾರ್ಬನ್ ನಂಬರ್ 8 ತೆಗೆದುಕೊಳ್ಳಲು ತೀರ್ಮಾನಿಸಿದ್ದೇನೆ. ಒರೆಸುವ ಕೆಲಸ ಮಾಡುತ್ತೇನೆ, ಬೇಸರ ಇಲ್ಲ. ಮೂರು ಪ್ರಶ್ನೆ ಉಳಿದಿವೆ. ಇಷ್ಟು ವರ್ಷದಲ್ಲಿ ನಿಮ್ಮ ಚಾಕುವಿನಲ್ಲಿ ಸವೆದದ್ದು ಏನು? ಬಳೆ ಸಡಿಲವಾಗುತ್ತದೆ ಎನ್ನುತ್ತಾರಲ್ಲ? ಮತ್ತೆ, ಶಿವಮೊಗ್ಗ, ಬೆಂಗಳೂರಿಗೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಂಡರೆ ಪೊಲೀಸರ ತಕರಾರು ಇರುತ್ತದಾ?

ಕವಾತು_ಕಾಲ:

ಕೊನೆಯದ್ದಕ್ಕೆ ನಾನು ಹೇಳುತ್ತೇನೆ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಚಾಕುಗಳ ಮಾತು ಬರುವುದು ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದಾಗ. ಮನೆಗೆಲಸ, ಕೃಷಿಗೆ ಮಾಡಿದ್ದನ್ನು ಅಲ್ಲೂ ಬಿಟ್ಟಿದ್ದಾರೆ. ನಂಬರ್ 8 ಅದರ ಅರ್ಧವೂ ಇಲ್ಲ. ಆದರೆ ಕಾನೂನು ಒಂದು, ಜಾಗದ ನಿಯಮ ಇನ್ನೊಂದು. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಒಳಗೆ ಹಾಕುವ ಸೂಟ್‌ಕೇಸಿನಲ್ಲಿ ಇಡಬೇಕು. ಮೆಟ್ರೋ, ಮಾಲ್, ಕೋರ್ಟಿನ ತಪಾಸಣೆಯಲ್ಲೂ ತೊಂದರೆಯೇ. ಪೇಟೆಗೆ ಹೋಗುವ ದಿನ ಮನೆಯಲ್ಲಿ ಬಿಟ್ಟು ಹೋಗಿ.

ಕುಡಿಕಸಿ:

ಒಳ್ಳೆಯ ತೀರ್ಮಾನ ತಮ್ಮಾ.

ಸವೆದದ್ದು ಅಲಗು. ಹೊಟ್ಟೆಯ ಭಾಗ ಹೊಸದಕ್ಕಿಂತ ಕಿರಿದಾಗಿದೆ, ಮೊನೆ ಸ್ವಲ್ಪ ಮೇಲಕ್ಕೆ ಹೋಗಿದೆ. ಕಸಿಗೆ ಈಗಿನ ಆಕಾರವೇ ನನಗೆ ಹೆಚ್ಚು ಹಿಡಿಸಿದೆ. ರಿವೆಟ್ಟಿಗೆ ಏನೂ ಆಗಿಲ್ಲ. ಹಿಡಿಯ ವಾರ್ನಿಷ್ ಎರಡನೇ ವರ್ಷಕ್ಕೇ ಅಲ್ಲಲ್ಲಿ ಎದ್ದುಹೋಯಿತು, ಉಳಿದದ್ದನ್ನು ನಾನೇ ಮರಳುಕಾಗದದಲ್ಲಿ ತೆಗೆದುಬಿಟ್ಟೆ. ವಾರ್ನಿಷ್ ಇದ್ದಷ್ಟು ದಿನ ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ನೀನೂ ಮೊದಲ ಬೇಸಿಗೆಯಲ್ಲೇ ತೆಗೆದು, ಆಮೇಲೆ ಅಗಸೆ ಎಣ್ಣೆ ಶುರು ಮಾಡು.

ಬಳೆ ಸಡಿಲವಾಗುತ್ತದೆ, ನಿಜ. ನನ್ನದು ಆಗಿತ್ತು. ಬಳೆ ಪೂರ್ತಿ ಸುತ್ತು ಬಂದಿರುವುದಿಲ್ಲ, ಒಂದು ಕಡೆ ಬಾಯಿ ತೆರೆದಿರುತ್ತದೆ. ಅದನ್ನು ಹೊರಗೆ ತೆಗೆದು ಇಕ್ಕಳದಲ್ಲಿ ಬಾಯಿಯನ್ನು ಕೂದಲೆಳೆಯಷ್ಟು ಒತ್ತಿದರೆ ಮತ್ತೆ ಬಿಗಿಯಾಗುತ್ತದೆ. ಹೆಚ್ಚು ಒತ್ತಬೇಡ, ಒದ್ದೆ ಬೆರಳಿಗೆ ತಿರುಗದೆ ಹೋಗುತ್ತದೆ. ಬಳೆ ತೆಗೆದಾಗ ಕೆಳಗೆ ಸೇರಿದ ಮಣ್ಣು, ಸೊನೆ ಎಲ್ಲ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆ. ಬಳೆ ತಿರುಗದೇ ಇರುವುದಕ್ಕೆ ಬಹಳ ಸಲ ಕಾರಣ ಆ ಮಣ್ಣೇ.

ಇನ್ನೊಂದು ಮಾತು. ತೆರೆದ ತಕ್ಷಣ ಬಳೆ ತಿರುಗಿಸುವುದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಕೋ. ಒಂದೇ ಹಗ್ಗ ಕೊಯ್ಯುವುದಿದ್ದರೂ ಸರಿ. ತೆಳು ಅಲಗು ಕೈಯಿಗೂ ತೆಳುವೇ. ಮೆಣಸಿನ ಬಳ್ಳಿಯ ಗಂಟು ಬಿಗಿಯಾಗಿದ್ದರೆ ಅಲಗಿನಲ್ಲಿ ಎಬ್ಬಲು ಹೋಗಬೇಡ. ಈ ಚಾಕು ಕೊಯ್ಯಲು ಇರುವುದು, ಮೀಟಲು ಅಲ್ಲ. ಮೀಟಿದರೆ ಮೊನೆ ಮುರಿಯುತ್ತದೆ.

ನಿಮ್ಮ ತೋಟದಲ್ಲಿ ಸೊರಗು ರೋಗಕ್ಕೆ ಬಳ್ಳಿ ಹೋಗುತ್ತಿದ್ದರೆ ಹಿಪ್ಪಲಿ ಕಸಿ ಗಿಡ ಹಾಕಿ ನೋಡಬಹುದು. ಆದರೆ ಹಿಪ್ಪಲಿ ಬೇರಿಗೆ ಬೇಸಿಗೆಯಲ್ಲೂ ನೀರು ಬೇಕು. ತೋಟದ ಅಗಳದ ಪಕ್ಕದ ಮರಗಳಿಗೆ ಸರಿ, ಏರಿ ಮೇಲಿನ ಮರಗಳಿಗೆ ಬೇಡ. ಕಸಿ ಕಲಿಯುವ ಮನಸ್ಸಿದ್ದರೆ ಜೂನ್ ಮೊದಲ ವಾರ ಬರೆ. ಕುಡಿ ಎಷ್ಟು ಬಲಿತಿರಬೇಕು, ಬುಡಸಸಿ ಎಷ್ಟು ದಪ್ಪ ಇರಬೇಕು ಅನ್ನುವುದನ್ನು ಫೋಟೋ ಹಾಕಿ ತೋರಿಸುತ್ತೇನೆ.